ಜಾಝ್ ಕಲಿಸುವ ಕಿವಿ

ಜಾಝ್ ಸಂಗೀತದಿಂದ ತಮಗೆ ಸಿಕ್ಕದ್ದೇನು ಎಂದು ಲೇಖಕರು, ಚಿತ್ರಕಾರರು ಹೇಳುವಾಗ ಒಂದು ಪದ ತಪ್ಪದೆ ಬರುತ್ತದೆ: ಸ್ವಾತಂತ್ರ್ಯ. ಕಟ್ಟುಪಾಡು ಮುರಿದು, ಮನಸ್ಸಿಗೆ ಬಂದದ್ದನ್ನು ಬಂದ ಹಾಗೆ ನುಡಿಸುವ ಸಂಗೀತ. ಅದನ್ನು ಕೇಳಿ ಕವಿ ಛಂದಸ್ಸು ಬಿಟ್ಟ, ಕಾದಂಬರಿಕಾರ ಪೂರ್ಣವಿರಾಮ ಬಿಟ್ಟ ಎಂಬ ಕಥೆ. ಈ ಕಥೆ ಪೂರ್ತಿ ಸುಳ್ಳಲ್ಲ. ಆದರೆ ಅದನ್ನೇ ನಂಬಿ ಬರೆಯಲು ಕೂತವರಿಗೆ ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಆಗಿದೆ ಎಂದು ನನಗನಿಸುತ್ತದೆ. ಜಾಝ್ ಕೇಳಿ ನಿಜವಾಗಿ ಬೆಳೆದ ಕಲಾವಿದರು ಅದರಿಂದ ಕಲಿತದ್ದು ಬೇರೆಯದನ್ನು.

ಸ್ವಾತಂತ್ರ್ಯದ ಕಥೆಯ ಪ್ರಸಿದ್ಧ ನಾಯಕ ಜ್ಯಾಕ್ ಕೆರೊವಾಕ್. 1951ರ ಏಪ್ರಿಲ್‌ನಲ್ಲಿ ಅವರು ಹಾಳೆಗಳನ್ನು ಅಂಟಿಸಿ ಸುಮಾರು 120 ಅಡಿ ಉದ್ದದ ಸುರುಳಿ ಮಾಡಿಕೊಂಡು, ಮೂರು ವಾರಗಳಲ್ಲಿ 'ಆನ್ ದಿ ರೋಡ್' ಕಾದಂಬರಿಯನ್ನು ಟೈಪ್ ಮಾಡಿದರು. ಸ್ಯಾಕ್ಸೋಫೋನ್ ನುಡಿಸುವವನು ಉಸಿರಿರುವಷ್ಟು ಹೊತ್ತು ಒಂದು ಮಾತನ್ನು ನುಡಿಸಿ ನಿಲ್ಲಿಸುವಂತೆ, ಬರೆಯುವವನ ವಾಕ್ಯಕ್ಕೂ ಉಸಿರೇ ಅಳತೆಯಾಗಬೇಕು ಎಂಬುದು ಅವರ ವಾದ. ಓದುಗರು ನೆನಪಿಟ್ಟುಕೊಂಡಿರುವುದು ಇಷ್ಟನ್ನೇ. ಆ ಮೂರು ವಾರಗಳ ಹಿಂದೆ ವರ್ಷಗಟ್ಟಲೆ ತುಂಬಿಸಿದ ಟಿಪ್ಪಣಿ ಪುಸ್ತಕಗಳಿದ್ದವು, ಕೈಬಿಟ್ಟ ಕರಡುಗಳಿದ್ದವು. ಸುರುಳಿ ಪುಸ್ತಕವಾಗಿ ಹೊರಬಂದದ್ದು 1957ರಲ್ಲಿ, ಹಲವು ತಿದ್ದುಪಡಿಗಳಾದ ಮೇಲೆ. ಇದನ್ನು ಮರೆತರೆ ಉಳಿಯುವುದು ವೇಗದ ಆರಾಧನೆ ಮಾತ್ರ.

ಕೆರೊವಾಕ್ ಮೆಚ್ಚಿದ ಚಾರ್ಲಿ ಪಾರ್ಕರ್ ಅವರ ಕಥೆಯೂ ಹಾಗೆಯೇ. 1930ರ ದಶಕದ ನಡುವಿನಲ್ಲಿ ಕ್ಯಾನ್ಸಸ್ ಸಿಟಿಯ ರೀನೋ ಕ್ಲಬ್ಬಿನಲ್ಲಿ ಹಿರಿಯರ ಜೊತೆ ನುಡಿಸಲು ಹೋದ ಆ ಹುಡುಗ ದಾರಿ ತಪ್ಪಿದಾಗ, ಡ್ರಮ್ಮರ್ ಜೋ ಜೋನ್ಸ್ ಒಂದು ತಾಳದ ತಟ್ಟೆಯನ್ನು ಅವನ ಕಾಲ ಬಳಿ ಎಸೆದು ಅವಮಾನಿಸಿದರಂತೆ. ಮುಂದೆ ಪಾರ್ಕರ್ ಒಂದು ಬೇಸಿಗೆಯನ್ನು ಓಝಾರ್ಕ್ ಬೆಟ್ಟಗಳ ಊರಿನಲ್ಲಿ ಕಳೆದರು. ಜೊತೆಗಿದ್ದದ್ದು ಲೆಸ್ಟರ್ ಯಂಗ್ ನುಡಿಸಿದ ರೆಕಾರ್ಡುಗಳು. ಅವುಗಳ ಒಂದೊಂದು ಸ್ವರವನ್ನೂ ಬಾಯಿಪಾಠ ಮಾಡಿದರು. ಮೂರು ನಾಲ್ಕು ವರ್ಷ ದಿನಕ್ಕೆ 11ರಿಂದ 15 ಗಂಟೆ ಸಾಧನೆ ಮಾಡುತ್ತಿದ್ದೆ ಎಂದು ಅವರೇ 1954ರ ಒಂದು ಸಂದರ್ಶನದಲ್ಲಿ ಹೇಳಿದ್ದಾರೆ. 1945ರಲ್ಲಿ ಅವರು ಧ್ವನಿಮುದ್ರಿಸಿದ 'ಕೊ-ಕೊ' ಕೇಳಿದವರು ಬೆರಗಾದದ್ದು ಅದರ ವೇಗಕ್ಕೆ. ಆದರೆ ಅದರ ಅಡಿಪಾಯ 'ಚೆರೋಕಿ' ಎಂಬ ಹಳೆಯ, ಎಲ್ಲರಿಗೂ ಗೊತ್ತಿದ್ದ ಹಾಡಿನ ಸ್ವರಮೇಳದ ಕ್ರಮ. ಕೃತಿಯ ಒಂದೇ ಸಾಲನ್ನು ಹಿಡಿದು ನೆರವಲ್ ಮಾಡುವುದನ್ನು ಕೇಳಿದವರಿಗೆ ಇದು ಹೊಸದೇನಲ್ಲ. ಸಾಲು ತಾಳದ ಅದೇ ಜಾಗಕ್ಕೆ ಬಂದು ಕೂರಬೇಕು ಎಂಬ ಕಟ್ಟಳೆ ಇರುವುದರಿಂದಲೇ ಅದರೊಳಗಿನ ಸುತ್ತಾಟಕ್ಕೆ ಅರ್ಥ.

ಇನ್ನು 1959ರ 'ಕೈಂಡ್ ಆಫ್ ಬ್ಲೂ'. ಮೈಲ್ಸ್ ಡೇವಿಸ್ ತಮ್ಮ ಸಂಗಡಿಗರ ಕೈಗೆ ಪೂರ್ತಿ ಬರೆದ ಸಂಗೀತವನ್ನು ಕೊಡದೆ ಬರೀ ರೇಖೆಗಳನ್ನು ಕೊಟ್ಟು, ಎರಡೇ ದಿನಗಳಲ್ಲಿ, ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಅದನ್ನು ಮುದ್ರಿಸಿದರು. ಅದರ ಮೊದಲ ರಚನೆ 'ಸೋ ವಾಟ್' 32 ಮಾತ್ರಾಗಣಗಳದ್ದು: 16 ಗಣ ಒಂದೇ ಸ್ವರಶ್ರೇಣಿ, ಮುಂದಿನ 8 ಅದನ್ನೇ ಅರ್ಧ ಸ್ವರ ಮೇಲಕ್ಕೆತ್ತಿ, ಮತ್ತೆ 8 ಮೊದಲಿನದು. ಆ ಶ್ರೇಣಿಯ ಸ್ವರಗಳನ್ನು ಎಣಿಸಿದರೆ ನಮ್ಮ ಖರಹರಪ್ರಿಯದ ಸ್ವರಗಳೇ ಸಿಗುತ್ತವೆ. ಆದರೆ ಗಮಕವಿಲ್ಲ, ರಾಗದ ನಡೆಯಿಲ್ಲ. ಹಾಗಾಗಿ ಇದು ರಾಗವಲ್ಲ. ಇಲ್ಲಿ ಗಮನಿಸಬೇಕಾದದ್ದು, ಡೇವಿಸ್ ಸಾಮಗ್ರಿಯನ್ನು ಹೆಚ್ಚಿಸಲಿಲ್ಲ, ಕಡಿಮೆ ಮಾಡಿದರು. ಓಡಿ ಬಚ್ಚಿಟ್ಟುಕೊಳ್ಳಲು ಸ್ವರಮೇಳದ ತಿರುವುಗಳಿಲ್ಲದ ಆ ಬಯಲಿನಲ್ಲಿ ವಾದಕ ಪಕ್ಕದವನನ್ನು ಕೇಳಲೇಬೇಕು.

ಪಿಯಾನೋ ನುಡಿಸಿದ ಬಿಲ್ ಇವಾನ್ಸ್ ಆ ರೆಕಾರ್ಡಿನ ಹಿಂಬದಿಗೆ ಬರೆದ ಟಿಪ್ಪಣಿ ಜಾಝ್ ಬಗ್ಗೆ ಬಂದ ಒಳ್ಳೆಯ ವಿಮರ್ಶೆಗಳಲ್ಲೊಂದು. ತೆಳುವಾದ ಹಾಳೆಯ ಮೇಲೆ ಕುಂಚ ಒಂದಿಷ್ಟು ತಡವರಿಸಿದರೂ ಹಾಳೆ ಹರಿದುಹೋಗುವಂತಹ ಜಪಾನೀ ಚಿತ್ರಕಲೆಗೆ ಅವರು ಈ ವಾದನವನ್ನು ಹೋಲಿಸುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಅವರು ಮುಂದೆ ಹೇಳುವ ಮಾತು: ಒಬ್ಬನಲ್ಲ, ಗುಂಪು ಸೇರಿ ಹೀಗೆ ನುಡಿಸುವಾಗ ಪ್ರತಿಯೊಬ್ಬನೂ ಒಟ್ಟು ಫಲಕ್ಕಾಗಿ ಬಾಗಬೇಕಾಗುತ್ತದೆ. ಮೀರುವುದರ ಬಗ್ಗೆಯಲ್ಲ, ಬಾಗುವುದರ ಬಗ್ಗೆ ಇರುವ ಈ ಮಾತು ನನಗೆ ಜಾಝ್‌ನ ತಿರುಳಿನಂತೆ ಕಾಣುತ್ತದೆ.

ಇದನ್ನು ಸಾಹಿತ್ಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರಿತವರು ಜೇಮ್ಸ್ ಬಾಲ್ಡ್‌ವಿನ್. 1957ರ ಅವರ 'ಸನ್ನೀಸ್ ಬ್ಲೂಸ್' ಕಥೆಯನ್ನು ಹೇಳುವವನು ಹಾರ್ಲೆಮ್‌ನ ಶಾಲೆಯೊಂದರಲ್ಲಿ ಬೀಜಗಣಿತ ಕಲಿಸುವ ಅಣ್ಣ. ತಮ್ಮ ಸನ್ನಿ ಪಿಯಾನೋ ವಾದಕ, ಹೆರಾಯಿನ್ ಪ್ರಕರಣದಲ್ಲಿ ಸೆರೆಮನೆ ಕಂಡವನು. ಕಥೆಯುದ್ದಕ್ಕೂ ತಮ್ಮ ಏನೋ ಹೇಳಲು ಬರುತ್ತಾನೆ, ಅಣ್ಣ ಬುದ್ಧಿ ಹೇಳುತ್ತಾನೆ. ಕೊನೆಗೆ ಕ್ಲಬ್ಬೊಂದರಲ್ಲಿ ಸನ್ನಿ ಒಂದು ವರ್ಷಕ್ಕೂ ಹೆಚ್ಚು ಕಾಲದ ನಂತರ ವಾದ್ಯದ ಮುಂದೆ ಕೂರುತ್ತಾನೆ. ಮೊದಮೊದಲು ಅವನ ಕೈ ಓಡುವುದಿಲ್ಲ. ಬಾಸ್ ನುಡಿಸುವ ಹಿರಿಯ ಕ್ರಿಯೋಲ್ ತಂಡವನ್ನು ಹಿಡಿದಿಟ್ಟುಕೊಂಡು, ಅವನಿಗಾಗಿ ಕಾದು, ಅವನು ಆಳಕ್ಕೆ ಇಳಿಯಬಲ್ಲ ಎಂದು ಗೊತ್ತಾದ ಮೇಲೆ ದಾರಿ ಬಿಡುತ್ತಾನೆ. ಆ ರಾತ್ರಿ ಸನ್ನಿ ಬಿಡುಗಡೆ ಪಡೆದ ಎಂದು ಸಾಮಾನ್ಯವಾಗಿ ಓದುತ್ತಾರೆ. ಬದಲಾದವನು ಅಣ್ಣ ಎಂಬುದು ನನ್ನ ಓದು. ಮಗಳನ್ನು ಕಳೆದುಕೊಂಡ ತನ್ನ ದುಃಖವೂ, ಬಿಳಿಯರ ಕಾರಿಗೆ ಸಿಕ್ಕಿ ಸತ್ತ ಚಿಕ್ಕಪ್ಪನ ನೆನಪೂ ಅವನಿಗೆ ಅಲ್ಲಿ ಮೊದಲ ಬಾರಿಗೆ ಕೇಳಿಸುತ್ತವೆ. ಬಾಲ್ಡ್‌ವಿನ್ ಜಾಝ್‌ನಿಂದ ತಂದದ್ದು ಲಯಬದ್ಧ ವಾಕ್ಯಗಳನ್ನಷ್ಟೇ ಅಲ್ಲ. ಇನ್ನೊಬ್ಬನಿಗೆ ಕಿವಿಗೊಡಲು ಕಲಿಯುವ ನಿರೂಪಕನನ್ನು.

ಟೋನಿ ಮಾರಿಸನ್ 1992ರ 'ಜಾಝ್' ಕಾದಂಬರಿಯಲ್ಲಿ ಇನ್ನೂ ಮುಂದೆ ಹೋದರು. 1926ರ ಹಾರ್ಲೆಮ್, ಜೋ ಎಂಬ ನಡುವಯಸ್ಸಿನವನು ತಾನು ಪ್ರೀತಿಸಿದ ಹುಡುಗಿಗೆ ಗುಂಡಿಟ್ಟಿದ್ದಾನೆ, ಅವನ ಹೆಂಡತಿ ವೈಲೆಟ್ ಹೆಣದ ಮುಖವನ್ನೇ ಕೊಯ್ಯಲು ಹೋಗಿದ್ದಾಳೆ. ಎಲ್ಲ ಬಲ್ಲೆ ಎನ್ನುವ ನಿರೂಪಕ ಧ್ವನಿ ಮತ್ತೊಂದು ಕೊಲೆ ಖಂಡಿತ ಎಂದು ಕಾಯುತ್ತದೆ. ಕೊಲೆ ನಡೆಯುವುದಿಲ್ಲ, ಪಾತ್ರಗಳು ತಮ್ಮ ಪಾಡಿಗೆ ಬದುಕಿನ ಕಡೆ ತಿರುಗುತ್ತವೆ. ನಿರೂಪಕ ಧ್ವನಿ ತನ್ನ ಲೆಕ್ಕ ತಪ್ಪಿತೆಂದು ಒಪ್ಪಬೇಕಾಗುತ್ತದೆ. ಜೊತೆಯವನು ನಿರೀಕ್ಷಿಸದ ಸ್ವರ ನುಡಿಸಿದಾಗ ತನ್ನ ಮುಂದಿನ ಸ್ವರವನ್ನು ಬದಲಿಸಿಕೊಳ್ಳುವ ವಾದಕನ ಗುಣ ಇದು. ಚಿತ್ರಕಾರ ರೋಮೇರ್ ಬೀರ್ಡನ್ ಅವರಿಗೂ ಹಿರಿಯ ಚಿತ್ರಕಾರ ಸ್ಟೂವರ್ಟ್ ಡೇವಿಸ್ ಹೇಳಿಕೊಟ್ಟದ್ದು ಕೇಳುವುದನ್ನೇ: ಅರ್ಲ್ ಹೈನ್ಸ್ ಅವರ ಪಿಯಾನೋದಲ್ಲಿ ಸ್ವರಗಳಿಗಿಂತ ಸ್ವರಗಳ ನಡುವಿನ ಬಿಡುವಿಗೆ ಕಿವಿಗೊಡು ಎಂದು. ಬೀರ್ಡನ್ ಅವರ ಕೊಲಾಜುಗಳಲ್ಲಿ ಆ ಬಿಡುವುಗಳನ್ನು ಕಣ್ಣಿನಿಂದ ಕಾಣಬಹುದು.

ನಮ್ಮ ಕಡೆಗೂ ಈ ಎಳೆ ಬಂದಿದೆ. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗಿಸಿದವರು. ಅವರೊಂದಿಗೆ ಅಮೆರಿಕದ ರುದ್ರೇಶ್ ಮಹಂತಪ್ಪ 2008ರಲ್ಲಿ 'ಕಿನ್ಸ್‌ಮೆನ್' ಎಂಬ ಆಲ್ಬಂ ತಂದರು. ಎರಡೂ ಆಲ್ಟೋ ಸ್ಯಾಕ್ಸೋಫೋನುಗಳೇ; ಒಂದರ ಹಿಂದೆ ಕೃತಿ, ಆಲಾಪನೆಗಳ ಸಂಸ್ಕಾರ, ಇನ್ನೊಂದರ ಹಿಂದೆ ಪಾರ್ಕರ್ ಪರಂಪರೆ. 'ಫ್ಯೂಷನ್' ಹೆಸರಿನ ಎಷ್ಟೋ ಪ್ರಯತ್ನಗಳಲ್ಲಿ ಇಬ್ಬರೂ ತಮ್ಮ ತಮ್ಮ ಪಾಠ ಒಪ್ಪಿಸಿ ಕೊನೆಗೆ ಒಟ್ಟಿಗೆ ಜೋರು ಮಾಡುತ್ತಾರೆ. ಇಲ್ಲಿ ಒಬ್ಬರ ಪ್ರಯೋಗದ ತುದಿಯನ್ನು ಇನ್ನೊಬ್ಬರು ಎತ್ತಿಕೊಳ್ಳುವುದು ಕೇಳಿಸುತ್ತದೆ. ವ್ಯತ್ಯಾಸ ಕೌಶಲದ್ದಲ್ಲ, ಕಿವಿಯದು.

ಇಷ್ಟು ಹೇಳಲು ಇನ್ನೊಂದು ಕಾರಣವಿದೆ. ಸ್ವಾತಂತ್ರ್ಯದ ಕಥೆಗೆ ಬೆಲೆ ತೆತ್ತವರಿದ್ದಾರೆ. ಪಾರ್ಕರ್ ಪ್ರತಿಭೆಯ ಗುಟ್ಟು ಹೆರಾಯಿನ್‌ನಲ್ಲಿದೆ ಎಂದು ನಂಬಿ ಅದಕ್ಕೆ ಬಿದ್ದ ಕಿರಿಯ ವಾದಕರು ಹಲವರು. ಪಾರ್ಕರ್ ಸತ್ತಾಗ ಅವರಿಗೆ 34. ಇನ್ನು ಆ ಸಂಗೀತಗಾರರ ಸ್ವಾತಂತ್ರ್ಯ ಎಷ್ಟಿತ್ತು ಎಂಬುದಕ್ಕೆ 1959ರ ಆಗಸ್ಟ್ ಸಾಕ್ಷಿ. 'ಕೈಂಡ್ ಆಫ್ ಬ್ಲೂ' ಬಿಡುಗಡೆಯಾಗಿ ಎಂಟೇ ದಿನಕ್ಕೆ, ನ್ಯೂಯಾರ್ಕಿನಲ್ಲಿ ತಾವೇ ನುಡಿಸುತ್ತಿದ್ದ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಹೊರಗೆ ನಿಂತಿದ್ದ ಮೈಲ್ಸ್ ಡೇವಿಸ್ ಅವರಿಗೆ ಪೊಲೀಸರು ಜಾಗ ಖಾಲಿ ಮಾಡು ಎಂದರು. ಇಲ್ಲೇ ಕೆಲಸ ಮಾಡುತ್ತೇನೆ ಎಂದದ್ದಕ್ಕೆ ತಲೆಗೆ ಪೆಟ್ಟು ಬಿತ್ತು. ರಕ್ತ ಸುರಿಯುತ್ತಿದ್ದ ಅವರನ್ನು ಬಂಧಿಸಿ ಕರೆದೊಯ್ದರು. ಬೀದಿಯಲ್ಲಿ ನಿಲ್ಲುವ ಹಕ್ಕೂ ಇಲ್ಲದವರ ಸಂಗೀತವನ್ನು ಕೇಳಿ 'ಆಹಾ, ಎಂಥ ನಿರಾಳ' ಎನ್ನುವುದು ಅರ್ಧ ಕೇಳಿಸಿಕೊಂಡಂತೆ. ಆ ನಿರಾಳವನ್ನು ಅವರು ವೇದಿಕೆಯ ಮೇಲೆ, ಪರಸ್ಪರರ ನಡುವೆ, ರಾತ್ರಿ ರಾತ್ರಿಯೂ ಕಟ್ಟಿಕೊಳ್ಳಬೇಕಿತ್ತು.

ಹಾಗಾಗಿ ಜಾಝ್‌ನಿಂದ ಸ್ಫೂರ್ತಿ ಬೇಕೆನ್ನುವ ಎಳೆಯ ಬರಹಗಾರರಿಗೆ ನನ್ನ ಸಲಹೆ ಸಣ್ಣದು. 'ಸೋ ವಾಟ್' ಹಾಕಿಕೊಂಡು ಒಮ್ಮೆ ಟ್ರಂಪೆಟ್ ಬಿಟ್ಟು ಪಾಲ್ ಚೇಂಬರ್ಸ್ ಅವರ ಬಾಸ್ ಅನ್ನೇ ಕೊನೆಯವರೆಗೂ ಕೇಳಿ. ಬೇರೆಯವರು ಏನು ಮಾಡಿದಾಗ ಅದು ಏನು ಮಾಡುತ್ತದೆ ಎಂದು ಗುರುತಿಸಿ. ಆಮೇಲೆ 'ಸನ್ನೀಸ್ ಬ್ಲೂಸ್' ಕಥೆಯ ಕೊನೆಯ ಪುಟಗಳನ್ನು ತೆಗೆದು, ಕ್ರಿಯೋಲ್ ಕಾಯುವ ಆ ಭಾಗವನ್ನು ನಿಧಾನವಾಗಿ ಓದಿ.