ಕರುಳಿನ ಶಸ್ತ್ರಚಿಕಿತ್ಸೆಯ ಚರಿತ್ರೆ: ಒಂದು ವಿಮರ್ಶೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ವೈದ್ಯರೇ. ಹಿಂದಿನವರು ತಪ್ಪಿದರು, ಇಂದಿನವರು ತಿದ್ದಿದರು ಎಂಬ ಕ್ರಮವೇ ಅವರ ಬರಹಗಳಲ್ಲಿ ಸಾಮಾನ್ಯ. ಕ್ರೋನ್ ರೋಗದಲ್ಲಿ ಅಪರೂಪವಾಗಿ ಹುಟ್ಟುವ ಸಣ್ಣ ಕರುಳಿನ ಏಡಿಗಂತಿ, ಅಂದರೆ ಕ್ಯಾನ್ಸರಿನ ನಿದರ್ಶನದಿಂದ ಈ ಕ್ರಮ ಎಷ್ಟು ಸಮರ್ಪಕವೆಂಬುದನ್ನು ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ವೈದ್ಯರು ಈ ರೋಗವನ್ನು ವಿವರಿಸಿದರು. ಮುಂದೆ, ರೋಗಪೀಡಿತ ಭಾಗವನ್ನು ತೆಗೆಯದೆ ಒಳಗೇ ಬಿಟ್ಟು, ಅದರ ಮೇಲಿನ ಕರುಳನ್ನು ದೊಡ್ಡ ಕರುಳಿಗೆ ಜೋಡಿಸುವ ಬಳಸುದಾರಿಯ ಪದ್ಧತಿ ಪ್ರಚಾರಕ್ಕೆ ಬಂದಿತು. 1956ರ ಜೂನಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರಿಗೆ ನಡೆದುದು ಇದೇ. ಅದೇ ವರ್ಷ ಗಿನ್ಸ್‌ಬರ್ಗ್ ಮತ್ತು ಅವರ ಸಂಗಡಿಗರು, ಈ ರೋಗವಿದ್ದ ಸಣ್ಣ ಕರುಳಿನಲ್ಲಿ ಕ್ಯಾನ್ಸರ್ ಕಂಡುದನ್ನು ಪ್ರಕಟಿಸಿದರು. ಒಳಗೆ ಬಿಟ್ಟ ಭಾಗದಲ್ಲಿ ಕ್ಯಾನ್ಸರ್ ಹುಟ್ಟಿದ ಪ್ರಸಂಗಗಳು ಮುಂದೆ ಒಂದೊಂದಾಗಿ ಬೆಳಕಿಗೆ ಬಂದವು. ಆಹಾರ ಹಾದುಹೋಗದ ಆ ಭಾಗದಲ್ಲಿ ಗಂತಿ ಬೆಳೆದರೂ ಲಕ್ಷಣಗಳು ತಡವಾಗಿ ತೋರುತ್ತಿದ್ದವು. ಆದುದರಿಂದ ಕತ್ತರಿಸಿ ತೆಗೆಯುವ ಪದ್ಧತಿಯೇ ಮೇಲಾಯಿತು.

ಹಾಗಾದರೆ 1956ರ ಶಸ್ತ್ರವೈದ್ಯರು ತಪ್ಪಿದರೆ? ಅಧ್ಯಕ್ಷರಿಗೆ ಆಗ 65 ವರ್ಷ. ಹೃದಯಾಘಾತವಾಗಿ ಒಂಬತ್ತು ತಿಂಗಳೂ ತುಂಬಿರಲಿಲ್ಲ. ದೀರ್ಘ ಶಸ್ತ್ರಚಿಕಿತ್ಸೆಯ ಅಪಾಯ ಕಣ್ಣೆದುರಿಗಿತ್ತು. ಕ್ಯಾನ್ಸರಿನ ಅಪಾಯ ಇನ್ನೂ ಅರಿವಿಗೆ ಬಂದಿರಲಿಲ್ಲ. ಅವರು 1969ರವರೆಗೆ ಬದುಕಿದರು. ಒಬ್ಬ ರೋಗಿಯ ಆಯುಸ್ಸಿನಿಂದ ಪದ್ಧತಿಯೊಂದು ಸಮರ್ಥಿತವಾಗದೆಂಬುದು ನಿಜ. ಆದರೆ ಮುಂದೆ ದೊರೆತ ಜ್ಞಾನದಿಂದ ಹಿಂದಿನವರನ್ನು ದಂಡಿಸುವುದು ಚರಿತ್ರಕಾರನಿಗೆ ಸಲ್ಲದು. ವಿಷಯ ತಿಳಿದ ಮೇಲೂ ಆ ಭಾಗವನ್ನು ಗಮನಿಸದೆ ಬಿಟ್ಟಿದ್ದರೆ, ದೋಷವೆನ್ನಬೇಕಾದುದು ಅದನ್ನು.

ಕತ್ತರಿಸುವ ಪದ್ಧತಿಯೂ ಕೊನೆಯ ಮಾತಾಗಲಿಲ್ಲ. ರೋಗ ಮರುಕಳಿಸಿದಂತೆಲ್ಲ ಕತ್ತರಿಸಿದರೆ ಉಳಿಯುವ ಕರುಳು ಪೋಷಣೆಗೆ ಸಾಲದು. ಕ್ಷಯದಿಂದ ಸಂಕುಚಿತವಾದ ಕರುಳನ್ನು ತೆಗೆಯದೆ, ಸೀಳಿ ಅಗಲವಾಗುವಂತೆ ಹೊಲಿಯುವ ವಿಧಾನವನ್ನು ನಮ್ಮ ದೇಶದ ಕಟಾರಿಯಾ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದರು. 1982ರಲ್ಲಿ ಇಂಗ್ಲೆಂಡಿನ ಲೀ ಅದನ್ನು ಕ್ರೋನ್ ರೋಗಕ್ಕೆ ಅನ್ವಯಿಸಿದರು. ಇಲ್ಲಿಯೂ ರೋಗದ ಭಾಗ ಒಳಗೇ ಉಳಿಯುತ್ತದೆ. ಅಂಥ ಸ್ಥಳದಲ್ಲಿಯೂ ವಿರಳವಾಗಿ ಕ್ಯಾನ್ಸರ್ ಕಂಡುಬಂದಿದೆ. ಆದುದರಿಂದಲೇ ಸಂಶಯಾಸ್ಪದ ಸ್ಥಳದಿಂದ ಚೂರು ತೆಗೆದು ಪರೀಕ್ಷಿಸುತ್ತಾರೆ. ಕ್ಯಾನ್ಸರ್ ದೃಢಪಟ್ಟು ಹರಡಿರದಿದ್ದರೆ ಆ ಭಾಗವನ್ನು ಸುತ್ತಣ ದುಗ್ಧಗ್ರಂಥಿಗಳ ಸಹಿತ ತೆಗೆಯುತ್ತಾರೆ.

ಉಳಿಸಬೇಕೆ, ತೆಗೆಯಬೇಕೆ ಎಂಬ ಹಳೆಯ ಪ್ರಶ್ನೆಯೇ ಹೀಗೆ ಮರಳಿ ಬಂದಿದೆ. ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿದ ಪ್ರಗತಿಯೆಂದು ವರ್ಣಿಸಿದರೆ, ಪ್ರತಿಯೊಂದು ನಿರ್ಧಾರಕ್ಕೂ ಬೆಲೆ ತೆತ್ತ ರೋಗಿಯೇ ಚರಿತ್ರೆಯಿಂದ ಮರೆಯಾಗುತ್ತಾನೆ. ಅವನನ್ನು ಮರೆಯದ ಚರಿತ್ರೆಯೇ ವಿದ್ಯಾರ್ಥಿಗಳಿಗೆ ಉಪಯುಕ್ತವೆಂದು ನಾವು ಭಾವಿಸುತ್ತೇವೆ.