ಸ್ವಾಸ್ತ್ಯಭೂಮಿಯ ಚಿತ್ರಗಳು: ಆಲ್ಬರ್ಟ್ ನಮಾಟ್ಜಿರಾ ಅವರ ಕಲೆಯ ದೇವಶಾಸ್ತ್ರೀಯ ವಿಮರ್ಶೆ

ನಿಸರ್ಗಚಿತ್ರಗಳನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಸೃಷ್ಟಿಕರ್ತನ ಮಹಿಮೆಯನ್ನು ಸ್ಮರಿಸಿ ಅಲ್ಲಿಗೇ ನಿಲ್ಲುತ್ತೇವೆ. ಮಧ್ಯ ಆಸ್ಟ್ರೇಲಿಯದ ಆಲ್ಬರ್ಟ್ ನಮಾಟ್ಜಿರಾ (1902–1959) ಅವರ ಜಲವರ್ಣಚಿತ್ರಗಳು ನಮ್ಮನ್ನು ಅಲ್ಲಿ ನಿಲ್ಲಗೊಡುವುದಿಲ್ಲ. ಮೂಲನಿವಾಸಿಗಳಾದ ಪಶ್ಚಿಮ ಅರೆಂಟ ಜನಾಂಗದ ಇವರು ಹರ್ಮನ್ಸ್‌ಬರ್ಗಿನ ಲೂಥರನ್ ಮಿಷನ್ನಿನಲ್ಲಿ ಹುಟ್ಟಿದರು. 1905ರಲ್ಲಿ ದೀಕ್ಷಾಸ್ನಾನದೊಂದಿಗೆ ಆಲ್ಬರ್ಟ್ ಎಂಬ ಹೆಸರನ್ನು ಪಡೆದರು. ಹದಿಮೂರರ ಪ್ರಾಯದಲ್ಲಿ ಕುಲದ ಹಿರಿಯರಿಂದ ಪೂರ್ವಿಕರ ಸಂಸ್ಕಾರವನ್ನೂ ಪಡೆದರು. 1936ರಲ್ಲಿ ಚಿತ್ರಕಾರ ರೆಕ್ಸ್ ಬ್ಯಾಟರ್ಬೀ ಅವರೊಡನೆ ಸಂಚರಿಸಿ ಜಲವರ್ಣದ ಕ್ರಮವನ್ನು ಕಲಿತರು. ಎರಡೇ ವರ್ಷಗಳಲ್ಲಿ ಮೆಲ್ಬರ್ನಿನ ಅವರ ಮೊದಲ ಪ್ರದರ್ಶನದ ಚಿತ್ರಗಳೆಲ್ಲ ಮಾರಾಟವಾದವು.

ಮುಂಭಾಗದಲ್ಲಿ ಬಿಳಿಯ ಕಾಂಡದ ಮರ, ಅದರಾಚೆ ಕೆಂಪು ನೆಲ, ದೂರದಲ್ಲಿ ನೀಲಿ-ನೇರಳೆ ಬೆಟ್ಟಸಾಲು: ಇದು ಅವರ ಚಿತ್ರಗಳ ಪರಿಚಿತ ವಿನ್ಯಾಸ. ಅವುಗಳಲ್ಲಿ ಶಿಲುಬೆಯಿಲ್ಲ; ಪೂರ್ವಿಕರ ಪವಿತ್ರ ಸಂಕೇತಗಳೂ ಎದ್ದು ಕಾಣುವುದಿಲ್ಲ. ಆದ್ದರಿಂದಲೇ ಕೆಲವು ವಿಮರ್ಶಕರು ಅವನ್ನು ಯೂರೋಪಿನ ಶೈಲಿಯ ಅನುಕರಣೆಯೆಂದು ತಳ್ಳಿಹಾಕಿದರು. ಆದರೆ ಅವರು ಮತ್ತೆ ಮತ್ತೆ ಚಿತ್ರಿಸಿದ್ದು ತಮ್ಮ ತಂದೆತಾಯಿಗಳ ಕುಲಕ್ಕೆ ಸೇರಿದ ನೆಲವನ್ನು. ಅರೆಂಟರ ನಂಬಿಕೆಯಲ್ಲಿ ಆ ಬೆಟ್ಟ, ಕಣಿವೆ, ಜಲಕುಂಡಗಳು ಆದಿಕಾಲದ ಪೂರ್ವಿಕರು ನಡೆದಾಡಿ ರೂಪಿಸಿದ ಸ್ಥಳಗಳು. ಈ ಅರಿವಿನಿಂದ ನೋಡುವವರಿಗೆ ಮುಂಭಾಗದ ಮರವು ಅಲಂಕಾರವಾಗಿ ಅಲ್ಲ, ಆ ನೆಲಕ್ಕೆ ಸಾಕ್ಷಿಯಾಗಿ ನಿಂತಂತೆ ತೋರುತ್ತದೆ.

ಹಾಗಾದರೆ ಇದು ಬೆರಕೆಯ ಭಕ್ತಿಯೇ? ಹಾಗೆಂದು ತೀರ್ಪು ಕೊಡುವ ಮೊದಲು ನಮ್ಮ ಸತ್ಯವೇದದ 'ಸ್ವಾಸ್ತ್ಯ' ಎಂಬ ಪದವನ್ನು ನೆನೆಯಬೇಕು. ಇಸ್ರಾಯೇಲಿಗೆ ಭೂಮಿಯು ದೇವರಲ್ಲ. ಕೊಟ್ಟು ಕೊಳ್ಳುವ ಬರಿಯ ಮಣ್ಣೂ ಅಲ್ಲ. ಅರಸನಾದ ಅಹಾಬನು ಉತ್ತಮ ಬೆಲೆಯನ್ನು ಮುಂದಿಟ್ಟರೂ ನಾಬೋತನು ಪಿತೃಗಳ ತೋಟವನ್ನು ಬಿಟ್ಟುಕೊಡಲಿಲ್ಲ. ನಮಾಟ್ಜಿರಾ ಅವರ ಪಾಡು ಇನ್ನೂ ಕಠಿಣ. ನೆಲದ ಚಿತ್ರಗಳಿಂದ ದೇಶವೆಲ್ಲ ಹೆಸರಾದವರಿಗೆ ಜಾನುವಾರು ಮೇಯಿಸಲು ಭೂಮಿಯ ಗುತ್ತಿಗೆ ದೊರೆಯಲಿಲ್ಲ. ಆಲಿಸ್ ಸ್ಪ್ರಿಂಗ್ಸಿನಲ್ಲಿ ಮನೆ ಕಟ್ಟುವುದಕ್ಕೂ ಅವಕಾಶವಾಗಲಿಲ್ಲ. 1957ರಲ್ಲಿ ಪತ್ನಿಯೊಡನೆ ಪೌರತ್ವ ಲಭಿಸಿತಾದರೂ ಅದು ಅವರ ಬಳಗದವರಿಗೆ ವಿಸ್ತರಿಸಲಿಲ್ಲ. ಮರುವರ್ಷ ತಮ್ಮವರಿಗೆ ಮದ್ಯ ಒದಗಿಸಿದ ಅಪರಾಧಕ್ಕಾಗಿ ಶಿಕ್ಷೆಗೆ ಗುರಿಯಾದರು, 1959ರಲ್ಲಿ ತೀರಿಕೊಂಡರು.

ಈ ನೋವು ಅವರ ನಿಸರ್ಗಚಿತ್ರಗಳಲ್ಲಿ ನೇರವಾಗಿ ಕಾಣಿಸುವುದಿಲ್ಲ. ಇದೇ ಅವುಗಳ ಮಿತಿಯೆಂದು ನಮ್ಮ ಅಭಿಪ್ರಾಯ. ಅವುಗಳ ಪ್ರಶಾಂತತೆಯಿಂದಾಗಿ, ಕೊಂಡವರು ಗೋಡೆಯ ಮೇಲಿನ ಬೆಟ್ಟವನ್ನು ಮೆಚ್ಚುತ್ತ, ಅದರ ವಾರಸುದಾರರನ್ನು ಮರೆಯುವುದು ಸುಲಭವಾಯಿತು. ಆದರೂ ಆ ನೆಲವನ್ನು ತಮ್ಮದೆಂದು ಕಂಡ ಒಬ್ಬ ದೀಕ್ಷಾಸ್ನಾನ ಹೊಂದಿದವರ ದೃಷ್ಟಿ ಅಲ್ಲಿ ಉಳಿದಿದೆ.

ನಾಗಬನಗಳ ಮತ್ತು ದೇವರಕಾಡುಗಳ ನಡುವೆ ಸೇವೆಗೈಯುವ ನಮಗೂ ಇಲ್ಲಿ ಕಲಿಯಬೇಕಾದುದಿದೆ. ವಿಗ್ರಹಾರಾಧನೆಯನ್ನು ಬಿಡಬೇಕೆಂದು ಬೋಧಿಸುವ ಸಭಾಪಾಲಕರು, ಆ ಕಾಡಿನೊಡನೆ ತಲೆತಲಾಂತರದಿಂದ ಬಂದ ಸಂಬಂಧವನ್ನೂ ಹಕ್ಕನ್ನೂ ವಿಶ್ವಾಸಿಯು ಬಿಟ್ಟುಬಿಡಬೇಕೇ ಎಂಬ ಪ್ರಶ್ನೆಗೆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ನಾಬೋತನ ಪ್ರಸಂಗ ಅದಕ್ಕೆ ತಕ್ಕ ಆರಂಭವಾದೀತು.