ತಡಮಾಡಿ ಆಡುವವರನ್ನು ನೋಡುವ ಬಗೆ

ಭಾವಿಕೇರಿಯವರಿಗೆ ಕ್ರಿಕೆಟ್ ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಟೆನಿಸ್ ಬಾಲಿನ ಟೂರ್ನಮೆಂಟುಗಳು ಶುರು. ಅಂಕೋಲೆಯ ಜೈಹಿಂದ್ ಮೈದಾನವಿರಲಿ, ಕಾರವಾರದ ಮಾಲಾದೇವಿ ಮೈದಾನವಿರಲಿ, ರಾತ್ರಿಯಿಡೀ ಲೈಟು, ಮೈಕಿನಲ್ಲಿ ಕನ್ನಡವೂ ಕೊಂಕಣಿಯೂ ಕಲೆತ ಕಾಮೆಂಟರಿ. ಐದಾರು ಓವರಿನ ಆಟದಲ್ಲಿ ಚೆಂಡನ್ನು ತೆಂಗಿನ ತೋಟದಾಚೆ ಎತ್ತಿದವನೇ ಹೀರೋ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಆಟದಲ್ಲಿ ಪಳಗಿದ ಕಣ್ಣು ಟೆಸ್ಟ್ ಪಂದ್ಯದ ಮುಂದೆ ಕೂತರೆ ಅರ್ಧ ಗಂಟೆಗೆ ಬೇಸತ್ತು ಎದ್ದುಬಿಡುತ್ತದೆ. "ಇಂವ ಹೊಡೂಕೆ ಬಂದಂವನೋ, ನಿಂತ್ಕಣೂಕೆ ಬಂದಂವನೋ?" ಹೀಗೆ ಕೇಳುವವರಿಗಾಗಿಯೇ ಈ ಕೈಪಿಡಿ.

ಮೊದಲು ಬಿಡಬೇಕಾದ ಚಾಳಿ ಒಂದಿದೆ: ಚೆಂಡಿನ ಬೆನ್ನು ಹತ್ತುವುದು. ಟಿವಿ ಕ್ಯಾಮೆರಾ ಬೌಂಡರಿಯವರೆಗೆ ಚೆಂಡಿನ ಜೊತೆ ಓಡುತ್ತದೆ, ನಾವೂ ಓಡುತ್ತೇವೆ. ಆದರೆ ಬ್ಯಾಟಿಂಗ್ ನಡೆಯುವುದು ಅದಕ್ಕೂ ಮುಂಚೆ. ವೇಗದ ಬೌಲರನ ಕೈಬಿಟ್ಟ ಚೆಂಡು ಬ್ಯಾಟ್ಸ್‌ಮನ್ನನ್ನು ಮುಟ್ಟಲು ಅರ್ಧ ಸೆಕೆಂಡು ಸಾಕು. ಆ ಅರ್ಧ ಸೆಕೆಂಡಿನಲ್ಲಿ ಆಟಗಾರನ ತಲೆ ನೋಡಿ, ಹಿಂಗಾಲು ನೋಡಿ, ಕೈ ಯಾವಾಗ ಇಳಿಯುತ್ತದೆ ನೋಡಿ. ಸಾಮಾನ್ಯ ಆಟಗಾರ ಗಡಿಬಿಡಿಯಲ್ಲಿರುತ್ತಾನೆ. ದೊಡ್ಡ ಆಟಗಾರನಿಗೆ ಮಾತ್ರ ಅದೇ ಅರ್ಧ ಸೆಕೆಂಡು ಬೇಕಾದಷ್ಟಾಗುತ್ತದೆ. ಹಳೆಯ ಮಹಾನ್ ಬ್ಯಾಟ್ಸ್‌ಮನ್ನರು ಇವತ್ತಿನವರಿಗೆ ಬಿಟ್ಟುಹೋದ ಆಸ್ತಿ ಈ ಪುರುಸೊತ್ತು. ರನ್ನುಗಳ ದಾಖಲೆಯನ್ನು ಯಾರಾದರೂ ಮುರಿಯುತ್ತಲೇ ಇರುತ್ತಾರೆ.

ಪಾಠ ಶುರುಮಾಡಲು ಗುಂಡಪ್ಪ ವಿಶ್ವನಾಥ್ ಅವರಿಗಿಂತ ಒಳ್ಳೆಯವರಿಲ್ಲ. ಹುಟ್ಟಿದ್ದು ಭದ್ರಾವತಿಯಲ್ಲಿ, 1949ರಲ್ಲಿ. ಆಡಿದ್ದು 91 ಟೆಸ್ಟ್, 6080 ರನ್, 14 ಶತಕ. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ. ಆದರೂ ಬಲ್ಲವರು ಮೊದಲು ನೆನೆಯುವುದು ಶತಕವಾಗದ ಒಂದು ಆಟವನ್ನು. 1975ರ ಜನವರಿ, ಮದರಾಸಿನ ಚೆಪಾಕ್. ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತರು, ಭಾರತ 190ಕ್ಕೆ ಆಲೌಟ್. ಅದರಲ್ಲಿ ಅರ್ಧಕ್ಕೂ ಹೆಚ್ಚು, ಅಂದರೆ 97 ರನ್, ಔಟಾಗದೇ ಉಳಿದ ಕುಳ್ಳಗಿನ ವಿಶಿಯವರದು. ಕೊನೆಗೆ ಆ ಪಂದ್ಯ ಗೆದ್ದದ್ದೂ ಭಾರತವೇ.

ಅವರ ಹೆಸರಿನ ಜೊತೆಗೇ ಬರುವ ಹೊಡೆತ ಸ್ಕ್ವೇರ್ ಕಟ್. ಇದನ್ನು ಸವಿಯುವ ಬಗೆ ಹೀಗೆ. ಚೆಂಡು ಮೋಟಾಗಿ ಬಿದ್ದು ಆಫ್ ಸ್ಟಂಪಿನಾಚೆ ಎದ್ದಾಗ ಆಟಗಾರ ಹಿಂದಕ್ಕೆ ಸರಿದು ಜಾಗ ಮಾಡಿಕೊಳ್ಳುತ್ತಾನೆ. ಚೆಂಡು ಮೈಯ ಸರಿಸಮಕ್ಕೆ ಬಂದ ಮೇಲೆ ಬ್ಯಾಟು ಇಳಿಯುತ್ತದೆ. ಚೆಂಡು ಇನ್ನೂ ಮುಂದೆ ಸಾಗಿ, ಕೀಪರನ ಕೈಗವಸಿಗೆ ಸೇರುವ ಹೊತ್ತಿಗೆ ಬ್ಯಾಟು ತಾಗಿದರೆ ಅದು ಲೇಟ್ ಕಟ್. ಎರಡರಲ್ಲೂ ತೋಳಿನ ಬಲ ಕಡಿಮೆ, ಮಣಿಕಟ್ಟಿನ ಕೆಲಸ ಹೆಚ್ಚು. ವೇಗವನ್ನು ಬೌಲರನೇ ಕೊಟ್ಟಿರುತ್ತಾನೆ, ಬ್ಯಾಟ್ಸ್‌ಮನ್ ಅದರ ದಿಕ್ಕು ಬದಲಿಸುತ್ತಾನೆ ಅಷ್ಟೆ. ಎದುರಾಳಿಯ ಬಲವನ್ನೇ ಬಳಸಿಕೊಳ್ಳುವ ಈ ಜಾಣತನ ಇಂದಿನ ಟಿ-20ಯಲ್ಲೂ ಇದೆ. ಥರ್ಡ್ ಮ್ಯಾನ್ ವೃತ್ತದೊಳಗೆ ಬಂದ ಕೂಡಲೇ ಬ್ಯಾಟಿನ ಮುಖ ತುಸು ತೆರೆದು, 145 ಕಿ.ಮೀ. ವೇಗದ ಚೆಂಡನ್ನು ಅವನ ಪಕ್ಕದಿಂದ ಜಾರಿಸುತ್ತಾರಲ್ಲ, ಅದು ಲೇಟ್ ಕಟ್ಟಿನ ಮೊಮ್ಮಗು. ಟಿವಿಯವರು ಅದಕ್ಕೆ ಸಿಕ್ಸರಿನಷ್ಟು ಸದ್ದು ಮಾಡುವುದಿಲ್ಲ. ನೀವು ಮಾಡಿ.

ಇನ್ನು ಕಷ್ಟದ ಪಾಠ: ಆಡದೇ ಬಿಟ್ಟ ಚೆಂಡು. ನಮ್ಮ ಗದ್ದೆಯ ಆಟದಲ್ಲಿ ಬಿಟ್ಟ ಚೆಂಡೆಂದರೆ ಹಾಳಾದ ಚೆಂಡು. ಟೆನಿಸ್ ಬಾಲಿಗೆ ಹೊಲಿಗೆ ಇಲ್ಲ, ಅದು ನೆಲಕ್ಕೆ ಬಿದ್ದು ಮೇಲಕ್ಕೆ ಪುಟಿಯುತ್ತದೆಯೇ ಹೊರತು ಪಕ್ಕಕ್ಕೆ ಕದಲುವುದು ಕಡಿಮೆ. ಅಡ್ಡ ಬ್ಯಾಟು ಬೀಸಿದರೂ ಸಾಗುತ್ತದೆ. ಲೆದರ್ ಬಾಲು ಹಾಗಲ್ಲ. ಹೊಲಿಗೆಯ ಮೇಲೆ ಬಿದ್ದದ್ದು ಒಳಗೂ ಬರಬಹುದು, ಹೊರಗೂ ಹೋಗಬಹುದು. ಅಂಚು ಸವರಿದರೆ ಸ್ಲಿಪ್ಪಿನಲ್ಲಿ ಮೂವರು ಕಾದಿರುತ್ತಾರೆ. ಅಲ್ಲಿ ಬಿಡುವುದೂ ಒಂದು ಹೊಡೆತವೇ.

ಇದರಲ್ಲಿ ರಾಹುಲ್ ದ್ರಾವಿಡ್ ಅವರಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಟೆಸ್ಟಿನಲ್ಲಿ ಅವರು ಎದುರಿಸಿದ ಚೆಂಡು 31,258, ಬೇರೆ ಯಾರೂ ಅಷ್ಟು ಎದುರಿಸಿಲ್ಲ. 2008ರ ಸಿಡ್ನಿ ಟೆಸ್ಟಿನಲ್ಲಿ 18ರಲ್ಲಿ ಸಿಕ್ಕಿಕೊಂಡ ಅವರಿಗೆ ಮುಂದಿನ ಒಂದು ರನ್ನಿಗೆ 40 ಚೆಂಡು ಬೇಕಾದವು. ಕೊನೆಗೆ ಓಡಿದಾಗ ಆಸ್ಟ್ರೇಲಿಯಾದ ಜನ ಗೇಲಿಯ ಚಪ್ಪಾಳೆ ತಟ್ಟಿದರು, ದ್ರಾವಿಡ್ ಬ್ಯಾಟೆತ್ತಿ ವಂದಿಸಿದರು. ಅವರ ಹಳೆಯ ವಿಡಿಯೋ ಸಿಕ್ಕರೆ ಕವರ್ ಡ್ರೈವ್ ನೋಡುವ ಮುನ್ನ ಎರಡು ಸಂಗತಿ ಗಮನಿಸಿ. ಒಂದು, ಚೆಂಡು ಬಿಟ್ಟಾಗ ಅವರ ಕಣ್ಣು ಅದನ್ನು ಕೀಪರನ ಕೈಯವರೆಗೂ ಕಳಿಸಿ ಬರುತ್ತದೆ. ಇನ್ನೊಂದು, ತಡೆದಾಗ ಕೈ ಎಷ್ಟು ಸಡಿಲವೆಂದರೆ ಚೆಂಡು ಕಾಲ ಬುಡದಲ್ಲೇ ಸತ್ತುಬೀಳುತ್ತದೆ. ಬಿಗಿಗೈಯಲ್ಲಿ ತಡೆದ ಚೆಂಡು ಸ್ಲಿಪ್ಪಿಗೆ ಹಾರುತ್ತದೆ.

ಇದೆಲ್ಲ ಹಳೇ ಕತೆ ಅನ್ನುವವರು ನಮ್ಮದೇ ಕರಾವಳಿಯ ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಆಟ ನೋಡಬೇಕು. 2021ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಸೆಂಚೂರಿಯನ್ನಿನಲ್ಲಿ ಹೊಡೆದ 123ನ್ನು, 2023ರಲ್ಲಿ ಅಲ್ಲೇ ಹೊಡೆದ 101ನ್ನು. ಐಪಿಎಲ್ಲಿನಲ್ಲಿ ಸಿಕ್ಸರ್ ಸಿಡಿಸುವ ಅದೇ ಕೈ, ಅಲ್ಲಿ ಆಫ್ ಸ್ಟಂಪಿನಾಚೆಯ ಚೆಂಡಿಗೆ ಆಸೆಪಡದೆ ಹಿಂದೆ ಸರಿಯುತ್ತದೆ.

ಪುರುಸೊತ್ತು ಹುಟ್ಟಿನಿಂದ ಬರುತ್ತದೆಯೋ ದುಡಿಮೆಯಿಂದಲೋ ಎಂಬ ಪ್ರಶ್ನೆಗೆ ಅರ್ಧ ಉತ್ತರ ಪಕ್ಕದ ಕುಮಟಾದಲ್ಲಿದೆ. ಅಲ್ಲಿಂದ ಹೋದ ರಾಘವೇಂದ್ರ ಭಾರತ ತಂಡದ ಥ್ರೋಡೌನ್ ತಜ್ಞರು. ತುದಿಯಲ್ಲಿ ಸೌಟಿನಂಥ ಬಾಯಿರುವ ಉದ್ದ ಕೋಲು ಹಿಡಿದು, ನೆಟ್ಸಿನಲ್ಲಿ ಭಾರೀ ವೇಗದಲ್ಲಿ ಚೆಂಡೆಸೆಯುವುದು ಅವರ ಕೆಲಸ. ಅವರ ಚೆಂಡು ಆಡಿ ಆಡಿ ಪಂದ್ಯದಲ್ಲಿ ವೇಗದ ಬೌಲರುಗಳೇ ನಿಧಾನವೆನಿಸುತ್ತಾರೆ ಎಂಬರ್ಥದ ಮಾತನ್ನು ವಿರಾಟ್ ಕೊಹ್ಲಿಯೇ ಆಡಿದ್ದಾರೆ. ವಿಶಿಯವರ ಕಾಲಕ್ಕೆ ಈ ಕೋಲು ಇರಲಿಲ್ಲ, ರಾಬರ್ಟ್ಸ್‌ನನ್ನು ನೇರ ಪಂದ್ಯದಲ್ಲೇ ಎದುರಿಸಬೇಕಿತ್ತು. ನನಗಂತೂ ಇದರಿಂದ ಆ 97 ಇನ್ನೂ ದೊಡ್ಡದಾಗಿ ಕಾಣುತ್ತದೆ.

ಕೊನೆಗೊಂದು ಮನೆಗೆಲಸ. ಟಿವಿ ಆರಿಸಿ, ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ಕರ್ನಾಟಕದ ರಣಜಿ ಪಂದ್ಯವಿದ್ದಾಗ ಅರಬೈಲ್ ಘಾಟಿ ಹತ್ತಿ ಒಂದು ದಿನ ಹೋಗಿಬನ್ನಿ. ರಣಜಿಯನ್ನು ಸಣ್ಣದೆಂದು ಎಣಿಸಬೇಡಿ. ಸತತ 15 ವರ್ಷ ಗೆದ್ದಿದ್ದ ಬಾಂಬೆಯನ್ನು ಕರ್ನಾಟಕ 1974ರ ಸೆಮಿಫೈನಲಿನಲ್ಲಿ ಕೆಡವಿದಾಗ ವಿಶ್ವನಾಥ್ ಹೊಡೆದದ್ದು 162. ಬೆಳಿಗ್ಗೆ ಸೈಟ್ ಸ್ಕ್ರೀನಿನ ಮಗ್ಗುಲಿಗೆ ಕೂತುಕೊಳ್ಳಿ: ಹೊಸ ಚೆಂಡು ಎಷ್ಟು ಕದಲುತ್ತದೆ, ಯಾವುದನ್ನು ಬಿಡುತ್ತಾರೆ ಎಂಬುದು ಅಲ್ಲಿಂದಲೇ ತಿಳಿಯಬೇಕು. ಊಟದ ನಂತರ ಪಿಚ್ಚಿಗೆ ಅಡ್ಡಲಾಗಿ ಕಾಣುವ ಕಡೆಗೆ ಜಾಗ ಬದಲಿಸಿ, ಯಾರು ಎಷ್ಟು ತಡವಾಗಿ ಆಡುತ್ತಾರೆಂದು ಅಲ್ಲಿಂದ ಅಳೆಯಬಹುದು. ಜನ ಕಡಿಮೆಯಿರುವುದರಿಂದ ಬ್ಯಾಟಿನ ನಡುವಿಗೆ ತಾಗಿದ್ದೂ ಅಂಚಿಗೆ ತಾಗಿದ್ದೂ ಕಿವಿಗೇ ಗೊತ್ತಾಗುತ್ತದೆ. ಟೊಪ್ಪಿ, ನೀರಿನ ಬಾಟಲಿ ಇರಲಿ. ಸ್ಕೋರ್‌ಬೋರ್ಡಿಗೆ ಬೆನ್ನು ಹಾಕಿ ಕೂತರೂ ನಡೆದೀತು.